ಓದುಗರ ಸ್ಪಂದನ: ಮನೆಗೆ ಬಂದರೂ ಅಪ್ಪ ಮೊದಲಿನ ಹಾಗಿಲ್ಲ

ಖಿನ್ನತೆಗೆ ಆಸ್ಪತ್ರೆ ಸೇರಿದ್ದ 72 ವರ್ಷದ ಅಪ್ಪ ಮನೆಗೆ ಬಂದು ಮೂರು ವಾರವಾದರೂ ಮಂಕಾಗೇ ಇದ್ದಾರೆ, ಮಾತ್ರೆ ನಿಲ್ಲಿಸಿಬಿಡಲೇ ಎಂದು ಮಗನೊಬ್ಬರು ಕೇಳಿದ್ದರು. ಮೊದಲ ಪತ್ರ ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

"ನಿಮ್ಮ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಮ್ಮನೂ ಹೀಗೇ ಮನೆಗೆ ಬಂದಿದ್ದರು. ಬಾಚಣಿಗೆ ಹಿಡಿದು ಅರ್ಧ ಗಂಟೆ ಕೂರುತ್ತಿದ್ದರು, ಕೈ ತಲೆವರೆಗೆ ಹೋಗುತ್ತಿರಲಿಲ್ಲ. 'ಏಳಮ್ಮ, ಮನಸ್ಸು ಗಟ್ಟಿ ಮಾಡ್ಕೋ' ಅಂತ ನಾನು ದಿನಾ ಗದರುತ್ತಿದ್ದೆ. ಏಳನೇ ವಾರ ಒಂದು ಬೆಳಿಗ್ಗೆ ತಾವೇ ತಲೆ ಬಾಚಿಕೊಂಡು ಬಂದು 'ನಿನಗೆ ಜಡೆ ಹಾಕಲಾ?' ಅಂದರು. ಸರಿಹೋದರಲ್ಲ ಅಂತ ಖುಷಿಯಲ್ಲಿ, ಡಾಕ್ಟರನ್ನೂ ಕೇಳದೆ ಮಾತ್ರೆ ತರಿಸೋದನ್ನೇ ಬಿಟ್ಟೆ. ಚೇತರಿಸಿಕೊಂಡ ಮೇಲೂ ಕಡಿಮೆಯೆಂದರೆ 6 ತಿಂಗಳು, ವಯಸ್ಸಾದವರಿಗೆ ಒಂದು ವರ್ಷ ಅಥವಾ ಇನ್ನೂ ಜಾಸ್ತಿ ಮುಂದುವರಿಸಬೇಕು ಅಂತ ಗೊತ್ತಾಗಿದ್ದು ಅವರನ್ನು ಎರಡನೇ ಸಲ ಆಸ್ಪತ್ರೆಗೆ ಸೇರಿಸಿದಾಗ. ಈಗ ಚೆನ್ನಾಗಿದ್ದಾರೆ. ಜಡೆ ಮಾತ್ರ ಆಮೇಲೆ ಹಾಕಿಲ್ಲ, ನಾನೂ ಕೇಳಿಲ್ಲ."

ಮುಂದಿನದು ಸ್ವಲ್ಪ ಖಾರ, ಆದರೂ ಇರಲಿ.

"ಪತ್ರದ ತುಂಬಾ ನಾವು ಹೀಗೆ ಮಾಡಿದೆವು, ಹಾಗೆ ಮಾಡಿದೆವು. ಅಪ್ಪ ಏನಂದರು? ಒಂದು ಸಾಲೂ ಇಲ್ಲವಲ್ಲ!"

ನಿವೃತ್ತ ನರ್ಸ್ ಒಬ್ಬರು ಬೇರೆಯದೇ ಪ್ರಶ್ನೆ ಎತ್ತಿದ್ದಾರೆ.

"ಮಂಕು ಅಂದರೆ ಬೇಜಾರಾ, ತೂಕಡಿಕೆಯಾ? ಮಾತಿನಲ್ಲಿ ಗೊಂದಲ, ನಡೆಯುವಾಗ ತೂರಾಟ ಇದೆಯಾ? ಖಿನ್ನತೆಯ ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡುವ ಮಾತ್ರೆಯೂ ಇದ್ದರೆ ಇನ್ನೂ ಹುಷಾರು. ಒಂದು ರಕ್ತಪರೀಕ್ಷೆ ಸಾಕು, ಗೊತ್ತಾಗುತ್ತೆ. ಸುಮ್ನೆ ನೀವೇ ನಿಲ್ಲಿಸಬೇಡಿ. ಮೂರೇ ವಾರಕ್ಕೆ ಗುಣ ಕಾಣಲಿಲ್ಲ ಅಂತಲೂ ಅನ್ನಬೇಡಿ, ಈ ವಯಸ್ಸಿಗೆ 8 ವಾರವೂ ಹಿಡಿಯಬಹುದು."

ಯಾರೂ ಬರೆಯದ ಒಂದು ಮಾತು ನಮ್ಮದು. ಖಿನ್ನತೆಗೆ ಚಿಕಿತ್ಸೆ ಪಡೆದು ಮನೆಗೆ ಬಂದ ಮೊದಲ ಕೆಲವು ವಾರ ಆತ್ಮಹತ್ಯೆಯ ಅಪಾಯ ಜಾಸ್ತಿ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ವೈದ್ಯರಿಗೆ ತಿಳಿಸಿ. ಮಾತ್ರೆ ಡಬ್ಬಿ ನಿಮ್ಮ ಹತ್ತಿರವೇ ಇರಲಿ.

ಕೊನೆಯ ಪತ್ರ ನಿಮ್ಮ ಅಪ್ಪನ ವಯಸ್ಸಿನವರದು.

"ಆಸ್ಪತ್ರೆಯಲ್ಲಿ ಬಿಪಿ ನೋಡೋಕಾದರೂ ಯಾರೋ ಬರುತ್ತಿದ್ದರು. ಮನೆಯಲ್ಲಿ ಎಲ್ಲರೂ ಪಿಸುಗುಟ್ಟಿಕೊಂಡು ಓಡಾಡುತ್ತಾರೆ. 'ಹೇಗಿದ್ದೀರಿ' ಅಂತ ಹತ್ತು ಸಲ ಕೇಳಬೇಡಪ್ಪ. ಒಗೆದ ಬಟ್ಟೆ ತಂದು ಪಕ್ಕದಲ್ಲಿ ಕೂತು ಮಡಚು, ನಾಲ್ಕು ಅವರ ಕಡೆಗೂ ತಳ್ಳು. ನಾನು ಮೊದಲ ದಿನ ಮುಟ್ಟಲೇ ಇಲ್ಲ. ನಾಲ್ಕನೇ ದಿನ ಒಂದು ಟವೆಲ್ ಮಡಚಿದೆ, ಅದೂ ಸೊಟ್ಟಗೆ. ಸೊಸೆ ಅದನ್ನು ಸರಿ ಮಾಡದೆ ಹಾಗೇ ಕಪಾಟಿನಲ್ಲಿಟ್ಟಳು."