ಒಂದೇ ಹಾಲ್: ಬೆಳಗ್ಗೆ ಉದ್ಘಾಟನೆ, ಮಧ್ಯಾಹ್ನ ಕಮ್ಮಟ, ಸಂಜೆ ಸನ್ಮಾನ. ಕುರ್ಚಿ-ಟೇಬಲ್ ಹೇಗೆ ಹಾಕಿಸಿದ್ರಿ? ಅನುಭವ ಹೇಳಿ

ದಾವಣಗೆರೆ ಸಂಚಾಲಕ:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘಕ್ಕೆ 25 ವರ್ಷ ತುಂಬ್ತಿದೆ. ಬೆಳಗ್ಗೆ ಉದ್ಘಾಟನೆ, ವಿಚಾರಗೋಷ್ಠಿಗೆ 200 ಜನ. ಮಧ್ಯಾಹ್ನ ಅದೇ ಹಾಲಿನಲ್ಲಿ 60 ಜನರಿಗೆ ಕಮ್ಮಟ, ಗುಂಪಲ್ಲಿ ಕೂತು ಬರೆಯೋದು, ಚರ್ಚೆ ಮಾಡೋದು. ಸಂಜೆ ಹಿರಿಯರಿಗೆ ಸನ್ಮಾನ, ಊಟ. ಹಾಲ್ 40 ಅಡಿ ಅಗಲ, 70 ಅಡಿ ಉದ್ದ, ಅದರಲ್ಲಿ ವೇದಿಕೆಯೇ 12 ಅಡಿ ತಿನ್ನುತ್ತೆ. ಮಧ್ಯದಲ್ಲಿ ಎರಡು ಕಂಬ ಬೇರೆ. ಊಟದ ಹಾಲ್ ಕೆಳಗಡೆ. ಸಮಿತಿಯಲ್ಲಿ ಅರ್ಧ ಜನ ಸಾಲು ಕುರ್ಚಿ ಸಾಕು ಅಂತಾರೆ, ಇನ್ನರ್ಧ ಜನ ರೌಂಡ್ ಟೇಬಲ್ ಅಂತಾರೆ. ಅಧ್ಯಕ್ಷರಿಗೆ ಮಾತ್ರ ಯು ಶೇಪೇ ಆಗಬೇಕಂತೆ, ಅಂದ್ರೆ ಇಂಗ್ಲಿಷ್ U ಅಕ್ಷರದ ಥರ ಟೇಬಲ್ ಜೋಡಿಸಿ, ಅದರ ತೆರೆದ ಬಾಯಿ ಪರದೆ ಕಡೆ. ಮಾಡಿಸಿದವರು ದಯವಿಟ್ಟು ಹೇಳಿ.

ಧಾರವಾಡ ಮಾಸ್ತರ:
ಯು ಶೇಪ್ ಹೆಸರ ಎತ್ತಬ್ಯಾಡ್ರಿ ನನ್ನ ಮುಂದ. ನಮ್ಮ ಶಿಕ್ಷಕರ ತರಬೇತಿಗೆ ಮ್ಯಾಲಿನವ್ರು ಅದನ್ನ ಹಟ ಹಿಡದು ಹಾಕಿಸಿದ್ರು. 48 ಮಂದಿ. ಟೇಬಲ್ಲಿಗೆ ಇಬ್ಬರಂಗ ಆರು ಫೂಟಿನ 24 ಟೇಬಲ್. ತಳಕ್ಕ ನಾಕು, ಎರಡೂ ತೋಳಿಗೆ ಹತ್ತತ್ತು. ಅಂದ್ರ ಒಂದೊಂದು ತೋಳು 60 ಫೂಟ ಆತು! ಬಾಡಿಗಿ ಟೇಬಲ್ಲಿಗೆ 120, ಮ್ಯಾಲಿನ ಬಟ್ಟಿ 40, ಮುಂದ ಫ್ರಿಲ್ ಕಟ್ಟೂದಕ್ಕ 60. ಒಟ್ಟ 5,280 ರೂಪಾಯಿ. ಆ ಫ್ರಿಲ್ ಯಾಕ ಅಂತ ಇವತ್ತಿಗೂ ನನಗ ತಿಳಿದಿಲ್ಲ.

ಪರದೆ ಎಷ್ಟು ಎತ್ತರ ಗೊತ್ತೇನ್ರಿ? ನಾಕು ಫೂಟ. ಪರದೆ ಎತ್ತರದ ಆರರಿಂದ ಎಂಟು ಪಟ್ಟು ದೂರದೊಳಗ ಕಡೀ ಸಾಲು ಮುಗೀಬೇಕು ಅಂತ ಲೆಕ್ಕ ಐತಿ. ಅಂದ್ರ ಭಾಳ ಅಂದ್ರ 32 ಫೂಟ. ನಮ್ಮ ತಳದಾಗ ಕುಂತವ್ರು 65 ಫೂಟ ಆಚೆ. ಅಕ್ಷರ ಕಾಣವಲ್ಲವು, ಮಾತು ಕೇಳವಲ್ಲದು. ಬಾಯಿ ಹತ್ರ ಕುಂತವ್ರು ಕುತ್ತಿಗಿ ತಿರುವಿ ತಿರುವಿ ಮಧ್ಯಾಹ್ನದ ಹೊತ್ತಿಗೆ ಬಾಮ್ ಕೇಳಾಕ ಹತ್ತಿದ್ರು. ಸಂಪನ್ಮೂಲ ವ್ಯಕ್ತಿ ನಡುವಿನ ಖಾಲಿ ಜಾಗಾದಾಗ ಒಬ್ಬರ ಓಡ್ಯಾಡಿದ್ರು.

ಊಟ ಆದಮ್ಯಾಲ ನಾನ ಎಲ್ಲಾ ಟೇಬಲ್ ಗ್ವಾಡಿಗೆ ಸರಿಸಿ ಜಮಖಾನ ಹಾಸಿಸಿದೆ. ನವಲಗುಂದದ ಜಮಖಾನ, ನಮ್ಮ ಮನಿಯವು. ಎಂಟೆಂಟು ಮಂದಿ ಸುತ್ತ ಕುಂತು ಅಗದಿ ಚಂದ ಕೆಲಸ ಮಾಡಿದ್ರು. ಖರ್ಚು ಸೊನ್ನಿ.

ಮೈಸೂರು ಟ್ರೈನರ್:
ಮೇಷ್ಟ್ರೇ, 48 ಜನರನ್ನ ಯು ಶೇಪಲ್ಲಿ ಕೂರಿಸಿದ್ರೆ ಅದು ಯು ಶೇಪಿನ ತಪ್ಪಲ್ಲ, ಕೂರಿಸಿದವರದ್ದು. 20, ತಪ್ಪಿದ್ರೆ 25. ಅಷ್ಟರೊಳಗೆ ಅದನ್ನ ಮೀರಿಸೋದು ಯಾವುದೂ ಇಲ್ಲ. ಎದುರಾಎದುರು ಕೂತವರು ಒಬ್ಬರ ಮಾತಿಗೊಬ್ಬರು ಹೆಚ್ಚು ಉತ್ತರ ಕೊಡ್ತಾರೆ, ಪಕ್ಕದಲ್ಲಿ ಕೂತವರ ಮಾತಿಗೆ ಕಡಿಮೆ. 1950ರಲ್ಲೇ ಸ್ಟೈನ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನ ಬರೆದಿದ್ದಾರೆ.

ನಾನು 60 ಜನಕ್ಕೆ ಯಾವಾಗಲೂ ರೌಂಡ್ ಟೇಬಲ್ಲೇ ಹಾಕಿಸೋದು. ಆದ್ರೆ ಸುತ್ತಲೂ ಅಲ್ಲ, ಅರ್ಧಚಂದ್ರ. ಐದು ಅಡಿ ಟೇಬಲ್ಲಿಗೆ ಎಂಟು ಜನ ಹಿಡೀತಾರೆ ಅಂತ ಹೋಟೆಲಿನವರು ಎಂಟು ಕುರ್ಚಿ ಇಟ್ಟುಬಿಡ್ತಾರೆ, ಮೂರು ಜನ ಪರದೆಗೆ ಬೆನ್ನು ಹಾಕಿ ಕೂರ್ತಾರೆ. ಹೋದ ಸಲ ತಲೆಗೆ 1,450 ರೂಪಾಯಿ ಪ್ಯಾಕೇಜು, ಅದರ ಮೇಲೆ ಶೇ. 18 ಜಿಎಸ್‌ಟಿ. ಟೇಬಲ್ಲಿಗೆ ಐದೇ ಕುರ್ಚಿ ಅಂತ ಇಮೇಲಲ್ಲಿ ಬರೆದಿದ್ದೆ, ಫೋನಲ್ಲಿ ಹೇಳಿದ್ದೆ. ಬೆಳಗ್ಗೆ ಏಳಕ್ಕೆ ಹೋಗಿ ನೋಡಿದ್ರೆ ಎಂಟು ಟೇಬಲ್, ಎಂಟೆಂಟು ಕುರ್ಚಿ. ಇನ್ನು ನಾಲ್ಕು ಟೇಬಲ್ ಕೊಡಿ ಅಂದ್ರೆ 'ಎಕ್ಸ್‌ಟ್ರಾ ಲಿನನ್ ಚಾರ್ಜ್' ಅಂತ 2,400 ಸೇರಿಸಿದ್ರು. ಬಿಲ್ಲಿನ ಮೇಲೆ ಮ್ಯಾನೇಜರ್ ಹತ್ರ ನಲವತ್ತು ನಿಮಿಷ ವಾದ ಮಾಡಿ 1,200ಕ್ಕೆ ಇಳಿಸಿದೆ. ಒಪ್ಪಂದದ ಕಾಗದದಲ್ಲಿ ಟೇಬಲ್ ಎಷ್ಟು ಅನ್ನೋದರ ಜೊತೆಗೆ ಟೇಬಲ್ಲಿಗೆ ಕುರ್ಚಿ ಎಷ್ಟು ಅಂತಾನೂ ಬರೆಸಿ.

ನೆಲದ ಮೇಲೆ ಕೂರಿಸೋದು ಅಂದ್ರೆ... 55 ದಾಟಿದವರನ್ನ ಜಮಖಾನದ ಮೇಲೆ ಕೂರಿಸಿ ಬರೆಸಿದ್ರೆ ಮಂಡಿ ಏನಾಗುತ್ತೆ ಅಂತ ಮೇಷ್ಟ್ರು ಕೇಳಿ ನೋಡಿದ್ರೋ?

ತುಮಕೂರು ಶಾಮಿಯಾನ:
ಪಿಪಿಟಿ ಹಾಕೋ ಸಾರ್‌ಗಳು ಯಾರೂ ಒಂದು ಮಾತು ಹೇಳ್ತಿಲ್ಲ. 200 ಕುರ್ಚಿ ತೆಗೆದು 12 ರೌಂಡ್ ಟೇಬಲ್ ಹಾಕೋರು ಯಾರು? ನಮ್ ಹುಡುಗ್ರು. ಅದೇ ಮಹಡಿಲಿ ಕುರ್ಚಿ ಪೇರಿಸಿಡೋಕೆ ರೂಮ್ ಇದ್ರೆ ಆರು ಜನಕ್ಕೆ ಮುಕ್ಕಾಲು ಗಂಟೆ ಕೆಲಸ. ಮೆಟ್ಟಿಲು ಇಳಿಸ್ಬೇಕು ಅಂದ್ರೆ ಒಂದೂವರೆ ಗಂಟೆ. ಅಷ್ಟೊತ್ತಿಗೆ ಊಟ ಮುಗ್ಸಿ ಮೇಲಕ್ಕೆ ಬಂದೋರು ಬಾಗಿಲಲ್ಲಿ ನಿಂತ್ಕೊಂಡು ನಮ್ಮನ್ನೇ ಬೈತಾರೆ. ಬೆಳಗ್ಗೆ ಕಾರ್ಯಕ್ರಮ ಹತ್ತಕ್ಕೆ ಅಂತ ಕಾರ್ಡಲ್ಲಿ ಹಾಕಿ, ಮುಖ್ಯ ಅತಿಥಿ ಹನ್ನೊಂದೂವರೆಗೆ ಬಂದು, ಭಾಷಣ ಎರಡಕ್ಕೆ ಮುಗಿದ್ರೆ ನಮಗೆಲ್ಲಿ ಮುಕ್ಕಾಲು ಗಂಟೆ ಸ್ವಾಮಿ?

ನಾನು ಹಾಕೋ ಕ್ರಮ ಹೇಳ್ತೀನಿ. ಸಾಲಿಂದ ಸಾಲಿಗೆ ಬೆನ್ನಿಂದ ಬೆನ್ನಿಗೆ ಮೂರು ಅಡಿ. ನಡುವೆ ಐದು ಅಡಿ ದಾರಿ, ಎರಡೂ ಗೋಡೆ ಕಡೆ ಮೂರು ಮೂರು ಅಡಿ. ಇದನ್ನ ಬಿಟ್ಟು 'ಇನ್ನೊಂದು ಹತ್ತು ಕುರ್ಚಿ ದಾರಿಲಿ ಹಾಕಪ್ಪ' ಅಂದ್ರೆ ನಾನು ಹಾಕಲ್ಲ. 1997ರಲ್ಲಿ ದಿಲ್ಲಿಯ ಉಪಹಾರ್ ಟಾಕೀಸಿನ ಬಾಲ್ಕನಿಲಿ ಹೆಚ್ಚುವರಿ ಸೀಟು ಹಾಕಿ ಓಡಾಡೋ ದಾರಿ ಮುಚ್ಚಿದ್ರು. ಬೆಂಕಿ ಹೊಗೆ ತುಂಬಿ 59 ಜನ ಸತ್ರು. ನಮ್ಮ ಬೆಂಗಳೂರಲ್ಲೇ 1981ರಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿತ್ತಲ್ಲ, ಅವತ್ತಿಂದ ನಮ್ಮಪ್ಪ ಡೇರೆ ಕಟ್ಟಿದಾಗೆಲ್ಲ ಬಾಗಿಲು ಎಣಿಸ್ತಿದ್ರು.

ಇನ್ನು ಚೇರ್ ಕವರು. ಒಂದು ಸಂಘದೋರು 200 ಕುರ್ಚಿಗೆ ಬಿಳಿ ಕವರು, ಕೆಂಪು ಬೋ ಬೇಕು ಅಂದ್ರು. ಕುರ್ಚಿ 10, ಕವರು 18, ಬೋ 4. ಒಟ್ಟು 6,400. ವಾಪಸ್ ಬಂದಾಗ 31 ಕವರಿಗೆ ಸಾರು, ಅರಿಶಿನ. ತೊಳೆಸಿದ್ರೂ ಹೋಗ್ಲಿಲ್ಲ. ಕೇಳಿದ್ರೆ 'ನಾವು ಸಂಭಾವಿತ ಜನ, ಸಾರು ಚೆಲ್ಲಲ್ಲ' ಅಂತಾರೆ. ಇನ್ನೂ 2,000 ಬಾಕಿ ಐತೆ.

ಹಾಸನದ ಹುಡುಗಿ ತಂದೆ:
ಕಮ್ಮಟದ ವಿಷಯ ನನಗೆ ಗೊತ್ತಿಲ್ಲ. ಸಂಜೆ ಕಾರ್ಯಕ್ರಮದ್ದು ಹೇಳ್ತೀನಿ, ಮಗಳ ಆರತಕ್ಷತೆಯಲ್ಲಿ ನೋಡಿದ್ದೀನಿ. ವೇದಿಕೆಗೆ ಹತ್ತೋದು ಎಡಗಡೆ, ಇಳಿಯೋದು ಬಲಗಡೆ, ಇಳಿದವರು ನೇರ ಊಟಕ್ಕೆ. ಇದು ಎಲ್ಲರಿಗೂ ಗೊತ್ತಿರೋದೇ. ನಮ್ಮ ಡೆಕೋರೇಷನ್‌ನವನು ಬಲಗಡೆ ಮೆಟ್ಟಿಲ ಮುಂದೆ ಹೂವಿನ ಕಮಾನು ನಿಲ್ಲಿಸಿಬಿಟ್ಟ. ಹತ್ತೋರು ಇಳಿಯೋರು ಎಲ್ಲ ಎಡಗಡೆನೇ. ಉಡುಗೊರೆ ಹಿಡ್ಕೊಂಡು ಮುಖ ಮುಖ ನೋಡ್ಕೊಂಡು ನಿಂತ್ರು. ಕ್ಯೂ ಬಾಗಿಲು ದಾಟಿ ಪಾರ್ಕಿಂಗ್‌ವರೆಗೆ ಹೋಯ್ತು. ಹಿಂದೆ ಕೂತವರಿಗೆ ಕಾಣಲಿ ಅಂತ 28,000 ಕೊಟ್ಟು ಎಲ್‌ಇಡಿ ಪರದೆ ಹಾಕಿಸಿದ್ದೆ. ವಿಡಿಯೋದವನ ಕ್ರೇನು ಸರಿಯಾಗಿ ಅದರ ಮುಂದೆನೇ ಆಡ್ತಿತ್ತು.

ಊಟ ಪಂಕ್ತಿ ಬೇಡ ಅಂತ ಅಳಿಯನ ಕಡೆಯವರು ಹಟ ಮಾಡಿದ್ರು, ಬಫೆ ಆಯ್ತು. ಎಲ್ಲ ಕೌಂಟರೂ ಒಂದೇ ಗೋಡೆಗೆ. ದೋಸೆ ಕಲ್ಲು ಬಾಗಿಲ ಪಕ್ಕ. ದೋಸೆಗೆ ನಿಂತವರ ಮೈ ಸವರ್ಕೊಂಡು ಮಿಕ್ಕವರು ಒಳಗೆ ಹೋಗ್ಬೇಕು. ಹೊಸ ಸೀರೆ ಉಟ್ಟೋರ ಸ್ಥಿತಿ ಯೋಚಿಸಿ. ಪಂಕ್ತಿ ಆಗಿದ್ರೆ ಮರ್ಯಾದೆ ಉಳೀತಿತ್ತು.

ಮೈಸೂರು ಟ್ರೈನರ್:
ಪಂಕ್ತಿಯಲ್ಲಿ 1,200 ಜನಕ್ಕೆ ಬಡಿಸೋದು ಸಾಧ್ಯನಾ ಸಾರ್? ಸಾಲಿಗೆ 150 ಅಂದ್ರೆ ಎಂಟು ಪಂಕ್ತಿ, ಒಂದೊಂದಕ್ಕೆ ನಲವತ್ತು ನಿಮಿಷ. ಐದು ಗಂಟೆ ಮೇಲಾಯ್ತು. ಕೊನೇ ಪಂಕ್ತಿಗೆ ಬೆಳಗಿನ ತಿಂಡಿನೇ ಬಡಿಸಬಹುದು.

ಹಾಸನದ ಹುಡುಗಿ ತಂದೆ:
ನಾನು 1,200 ಅಂತ ಎಲ್ಲಿ ಹೇಳಿದೆ? ಬಂದದ್ದು 700. ಲೆಕ್ಕ ನನಗೂ ಬರುತ್ತೆ, ಬ್ಯಾಂಕಲ್ಲೇ ಇದ್ದವನು.

ಕುಡ್ಲದ ಡಾಕ್ಟ್ರು:
ನಿಮ್ಮ ಊಟದ ಜಗಳ ಆಮೇಲೆ ಮಾಡಿ ಮಾರಾಯ್ರೆ. ನಮ್ಮ ವೈದ್ಯರ ಸಮ್ಮೇಳನಕ್ಕೆ 180 ಜನ ರಿಜಿಸ್ಟರ್ ಆಗಿದ್ರು. ನಾನು ಕ್ಲಾಸ್‌ರೂಮ್ ಥರ ಹಾಕಿಸಿದ್ದು, ಪ್ರತಿಯೊಬ್ಬರಿಗೂ ಬರೆಯಲಿಕ್ಕೆ ಟೇಬಲ್. ತಲೆಗೆ 18 ಚದರ ಅಡಿ ಬೇಕಾಯ್ತು, ಸಾಲು ಕುರ್ಚಿ ಆಗಿದ್ರೆ ಹತ್ತರಲ್ಲಿ ಮುಗಿತಿತ್ತು. ಅದಕ್ಕೇ ದೊಡ್ಡ ಹಾಲ್, 35,000 ಹೆಚ್ಚು. ಮುಂದಿನ ಮೂರು ಸಾಲಲ್ಲಿ ಜನವೇ ಇಲ್ಲ! ಎಲ್ಲ ಹಿಂದೆ, ಗೋಡೆ ಬದಿಯಲ್ಲಿ. ಎಂತಕ್ಕೆ ಹೇಳಿ? ಪ್ಲಗ್ ಪಾಯಿಂಟ್ ಅಲ್ಲಿ ಮಾತ್ರ ಉಂಟು. ಲ್ಯಾಪ್‌ಟಾಪ್ ಚಾರ್ಜು ಮಾಡ್ಲಿಕ್ಕೆ. ಎಕ್ಸ್‌ಟೆನ್ಷನ್ ಬೋರ್ಡು ತರಿಸಿದೆ, ವಯರಿಗೆ ಎಡವಿ ಒಬ್ರು ಸೀನಿಯರ್ ಬಿದ್ರು. ಮೂಳೆ ಡಾಕ್ಟ್ರು ಇಪ್ಪತ್ತು ಜನ ಇದ್ರು, ಅದೊಂದು ಪುಣ್ಯ. ಹಾಗಂತ ಕ್ಲಾಸ್‌ರೂಮ್ ಬೇಡ ಅಂತ ನಾನು ಹೇಳುದಿಲ್ಲ ಆಯ್ತಾ. ಮುಂದಿನ ಸಲವೂ ಅದೇ ಹಾಕಿಸುದು. ತೊಡೆ ಮೇಲೆ ಫೈಲ್ ಇಟ್ಟು ಬರೆಯುದು ಮನುಷ್ಯರ ಕೆಲಸ ಅಲ್ಲ.

ಮತ್ತೆ ಚಾ ಟೇಬಲ್ ಬಾಗಿಲಿಗೆ ಹತ್ತಿರ ಇಡಬೇಡಿ. ಮೊದಲು ಚಾ ಸಿಕ್ಕಿದವರು ಅಲ್ಲಿಯೇ ನಿಂತು ಪಟ್ಟಾಂಗ ಹೊಡಿತಾರೆ, ಉಳಿದವರು ಹಾಲಿನೊಳಗೇ ಬಾಕಿ.

ಧಾರವಾಡ ಮಾಸ್ತರ:
ಮೈಸೂರಿನವ್ರ, ಮಂಡಿ ಬಗ್ಗೆ ಕೇಳಿದ್ರಿ. ನನಗ 61. ನಾನೂ ಕೆಳಗ ಕುಂತಿದ್ದೆ. ಆಗೋದಿಲ್ಲ ಅಂದ ಐದು ಮಂದಿಗೆ ಗ್ವಾಡಿ ಹತ್ರ ಕುರ್ಚಿ ಇತ್ತು. 1,450 ರೂಪಾಯಿ ಕೊಟ್ಟು ಹೋಟೆಲಿನಾಗ ಕಲಿಸಿದ್ದು ತಲ್ಯಾಗ ಇಳೀತದ, ಜಮಖಾನದ ಮ್ಯಾಲ ಕಲಿಸಿದ್ದು ಇಳಿಯಂಗಿಲ್ಲ, ಹಿಂಗೇನು?

ಮೈಸೂರು ಟ್ರೈನರ್:
ನಾನು ಹಾಗೆಲ್ಲಿ ಹೇಳಿದೆ? 60 ಜನ ಕಾಗದ ಹರಡ್ಕೊಂಡು ಬರೀಬೇಕು ಅಂದ್ರೆ ಟೇಬಲ್ ಬೇಕು ಅಂದೆ, ಅಷ್ಟೇ. ಎಲ್ಲಾದಕ್ಕೂ 'ನಮ್ಮ ಸಂಸ್ಕೃತಿ' ಅಂತ ಬಂದ್ರೆ ಮಾತಾಡೋಕಾಗಲ್ಲ.

ಧಾರವಾಡ ಮಾಸ್ತರ:
ಸಂಸ್ಕೃತಿ ಅನ್ನೂ ಶಬ್ದ ನಾ ಬರದೇ ಇಲ್ಲ. ಮ್ಯಾಲೆ ಹೋಗಿ ಮತ್ತೊಮ್ಮೆ ಓದ್ರಿ.

ಕುಡ್ಲದ ಡಾಕ್ಟ್ರು:
ವಿಯೆಟ್ನಾಂ ಯುದ್ಧ ನಿಲ್ಲಿಸುವ ಮಾತುಕತೆಗೆ ಪ್ಯಾರಿಸಿಗೆ ಬಂದವರು ಟೇಬಲ್ ಯಾವ ಆಕಾರದ್ದು ಅಂತ ವಾರಗಟ್ಟಲೆ ಜಗಳ ಆಡಿದ್ರು. 1969ರ ಜನವರಿಯಲ್ಲಿ ಒಂದು ರೌಂಡ್ ಟೇಬಲ್, ಅದರ ಎರಡೂ ಬದಿಗೆ ಒಂದೊಂದು ಆಯತದ ಸಣ್ಣ ಟೇಬಲ್ ಅಂತ ಒಪ್ಪಿಕೊಂಡ್ರು. ನೀವಿಬ್ಬರು ಅವರನ್ನೂ ಮೀರಿಸ್ತೀರಿ.

ದಾವಣಗೆರೆ ಸಂಚಾಲಕ:
ಎಲ್ಲರಿಗೂ ಧನ್ಯವಾದ. ಆದ್ರೆ ಕಂಬದ ಬಗ್ಗೆ ಯಾರೂ ಹೇಳಲೇ ಇಲ್ಲ. ಮತ್ತೆ ಬೆಳಗ್ಗೆಯಿಂದಲೇ ರೌಂಡ್ ಟೇಬಲ್ ಹಾಕಿಬಿಟ್ರೆ 200 ಜನ ಹಿಡೀತಾರಾ?

ತುಮಕೂರು ಶಾಮಿಯಾನ:
ಹಿಡಿಯಲ್ಲ. ವೇದಿಕೆ ಬಿಟ್ರೆ ನಿಮಗೆ ಉಳಿಯೋದು 40ಕ್ಕೆ 58. ಐದಡಿ ಟೇಬಲ್ಲಿಗೆ ಕುರ್ಚಿ, ಓಡಾಟ ಎಲ್ಲ ಸೇರಿ ನಟ್ಟನಡುವಿಂದ ನಟ್ಟನಡುವಿಗೆ ಹತ್ತಡಿ ಬೇಕು. ಅಗಲಕ್ಕೆ ಮೂರು, ಉದ್ದಕ್ಕೆ ಐದು, 15 ಟೇಬಲ್. ಅರ್ಧಚಂದ್ರ ಅಂದ್ರೆ 75 ಜನ. ನಿಮ್ಮ ಕಮ್ಮಟಕ್ಕೆ ಧಾರಾಳ, ಉದ್ಘಾಟನೆಗೆ ಆಗಲ್ಲ. ಕಂಬ ಎರಡು ಅಂದ್ರಿ, ಒಂದರ ಹಿಂದೆ ಒಂದು ಇದ್ರೆ ನಡುದಾರಿನ ಕಂಬದ ಸಾಲಿಗೇ ಕೊಡಿ, ಒಂದೂ ಕುರ್ಚಿ ಹಾಳಾಗಲ್ಲ. ಅಕ್ಕಪಕ್ಕ ಇದ್ರೆ ಅದರ ಹಿಂದೆ ಕುರ್ಚಿ ಹಾಕ್ಬೇಡಿ, ಮೈಕ್‌ನೋರ ಟೇಬಲ್ ಹಾಕಿ. ಊಟ ಕೆಳಗೆ ತಾನೇ? ಊಟಕ್ಕೆ ಒಂದೂಕಾಲು ಗಂಟೆ ಅಂತ ಕಾರ್ಡಲ್ಲೇ ಬರೆಸಿ, ಮೇಲಿನ ಬಾಗಿಲು ಹಾಕಿಸಿ, ಹುಡುಗ್ರಿಗೆ ಮೊದಲೇ ಊಟ ಕೊಡ್ಸಿ. ಸಂಜೆಗೆ ಕುರ್ಚಿ ಮತ್ತೆ ಸಾಲಿಗೆ ಹಾಕ್ಬೇಕಲ್ಲ, ಅದಕ್ಕೆ ಬೇರೆ ಕೂಲಿ. ಅದನ್ನ ಯಾರೂ ಬಜೆಟ್ಟಲ್ಲಿ ಬರೆಯಲ್ಲ, ಕೊನೆಗೆ ನಮ್ಮ ತಲೆ ಮೇಲೆ.

ಹಾಸನದ ಹುಡುಗಿ ತಂದೆ:
ಸಂಜೆ ಸನ್ಮಾನಿತರು ಎಷ್ಟು ಜನ? ವೇದಿಕೆ ಮೇಲೆ ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸ್ಬೇಡಿ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಕೊಡೋರು ಎಲ್ಲಿ ನಿಲ್ತಾರೆ? ನಮ್ಮ ಬ್ಯಾಂಕಿನ ನಿವೃತ್ತರ ಸಂಘದಲ್ಲಿ...

ತುಮಕೂರು ಶಾಮಿಯಾನ:
ಸಾರ್, ಆ ಹೂವಿನ ಕಮಾನಿನವನು ಯಾರು ಅಂತ ಬೇರೆ ಮೆಸೇಜ್ ಹಾಕಿ. ನಮ್ ಕಡೆನೂ ಒಬ್ಬ ಮೆಟ್ಟಿಲಿಗೇ ಅಡ್ಡ ಕಟ್ಟೋನು ಇದಾನೆ, ಅವನೇ ಇವನಾ ನೋಡ್ಬೇಕು.

ಧಾರವಾಡ ಮಾಸ್ತರ:
ಜಮಖಾನ ಬೇಕಾದ್ರ ದಾವಣಗೇರಿಗೆ ನಾನ ಬಸ್ಸಿನಾಗ ಹಾಕಿ ಕಳಸ್ತೀನ್ರಿ. ವಾಪಸ್ ಮಾತ್ರ ಸಾರಿನ ಕಲಿ ಇಲ್ಲದಂಗ ಬರಬೇಕು.