ಮೊಹೆಂಜೊದಾರೊಗೆ ಬಾಂಬ್ ಹಾಕಿದ್ದು ಯಾರು?

ದೊಡ್ಡಪ್ಪ (ಫಾರ್ವರ್ಡ್): ಶಾಲೆಯಲ್ಲಿ ಕಲಿಸದ ಸತ್ಯ!! 4000 ವರ್ಷಗಳ ಹಿಂದೆ ಮೊಹೆಂಜೊದಾರೊ ನಗರ ಒಂದೇ ಕ್ಷಣದಲ್ಲಿ ಅಣುಬಾಂಬಿಗೆ ಬೂದಿ! ಬೀದಿಯಲ್ಲಿ ಕೈ ಕೈ ಹಿಡಿದ ಅಸ್ಥಿಪಂಜರಗಳು! ಕರಗಿ ಗಾಜಾದ ಕಲ್ಲುಗಳು! ಇಂದಿಗೂ ವಿಕಿರಣ! ಚಿತ್ರದಲ್ಲಿ: ಸ್ಫೋಟಕ್ಕೆ ಅರ್ಧ ಉರುಳಿದ ಅರಮನೆ. 10 ಜನರಿಗೆ ಕಳಿಸಿ 🙏

ದೊಡ್ಡಪ್ಪ: ಎಲ್ಲರೂ ಓದಿ. ರಘು, ನೀನಂತೂ ಓದಲೇಬೇಕು.

ರಘು: ಓದಿದೆ ದೊಡ್ಡಪ್ಪ. ಚಿತ್ರದಲ್ಲಿರುವುದು ಅರಮನೆ ಅಲ್ಲ, ಬೌದ್ಧ ಸ್ತೂಪ. ಊರು ಹಾಳುಬಿದ್ದು ಸುಮಾರು 2000 ವರ್ಷ ಆದಮೇಲೆ ಆ ದಿಬ್ಬದ ಮೇಲೆ ಕಟ್ಟಿದ್ದು. ನಿಮ್ಮ ಬಾಂಬ್ ಬಿದ್ದಾಗ ಅದು ಇರಲೇ ಇಲ್ಲ.

ದೊಡ್ಡಪ್ಪ: ಚಿತ್ರ ಬಿಡು, ಯಾರೋ ಸಿಕ್ಕಿದ್ದು ಹಾಕಿದ್ದಾರೆ. ಅಸ್ಥಿಪಂಜರಕ್ಕೆ ಏನು ಹೇಳುತ್ತೀಯ?

ಸೀನು ಮಾವ: ಭಾವ, ಬಾಂಬೂ ಇಲ್ಲ ಗೀಂಬೂ ಇಲ್ಲ. ಆರ್ಯರು ಬಂದು ಕೊಂದಿದ್ದು. ನಮ್ಮ ಕಾಲದ ಪಾಠದಲ್ಲೇ ಇತ್ತು. ಐದು ಮಾರ್ಕಿನ ಪ್ರಶ್ನೆ.

ಶಾಂತಾ ಚಿಕ್ಕಮ್ಮ: ಸೀನಣ್ಣ, ಅದು ಮಾರ್ಟಿಮರ್ ವೀಲರ್ ಅನ್ನುವ ಬ್ರಿಟಿಷ್ ಪುರಾತತ್ವಜ್ಞ 1940ರ ದಶಕದಲ್ಲಿ ಹೇಳಿದ್ದು. ಋಗ್ವೇದದಲ್ಲಿ ಇಂದ್ರನಿಗೆ ಪುರಂದರ ಅಂತ ಹೆಸರಿದೆಯಲ್ಲ, ಕೋಟೆ ಒಡೆಯುವವನು ಅಂತ. ಅದನ್ನು ತಂದು ಈ ಎಲುಬುಗಳಿಗೆ ಜೋಡಿಸಿ, ಇಂದ್ರನೇ ಆರೋಪಿ ಅಂದುಬಿಟ್ಟರು. 1964ರಲ್ಲಿ ಜಾರ್ಜ್ ಡೇಲ್ಸ್ ಅನ್ನುವ ಅಮೆರಿಕದ ಪುರಾತತ್ವಜ್ಞ ಕೂತು ಲೆಕ್ಕ ತೆಗೆದರು. ಅಷ್ಟು ದೊಡ್ಡ ಊರಲ್ಲಿ ಸಿಕ್ಕಿದ್ದು ಸುಮಾರು 37 ಜನರ ಎಲುಬು. ಕೆಲವು ಪೂರ್ತಿಯೂ ಇಲ್ಲ. ಎಲ್ಲ ಒಂದೇ ಕಾಲದ್ದೂ ಅಲ್ಲ. ಕೋಟೆ ದಿಬ್ಬದಲ್ಲಿ ಒಂದೇ ಒಂದು ಸಿಕ್ಕಿಲ್ಲ. ಊರು ಗೆಲ್ಲಲು ಬಂದವರು ಕೋಟೆ ಬಿಟ್ಟು ಬಾವಿ ಮೆಟ್ಟಿಲ ಹತ್ತಿರ ಹೊಡೆದಾಡುತ್ತಾರಾ?

ಸೀನು ಮಾವ: ಹಾಗಾದರೆ ನನ್ನ ಐದು ಮಾರ್ಕು?

ಶಾಂತಾ ಚಿಕ್ಕಮ್ಮ: ಕೊಟ್ಟಾಗಿದೆ, ಇಟ್ಟುಕೊಳ್ಳಿ. ಆಮೇಲೆ ಕೆನೆತ್ ಕೆನೆಡಿ ಅನ್ನುವ ಎಲುಬಿನ ತಜ್ಞರು ಆ ಎಲುಬುಗಳನ್ನೇ ಪರೀಕ್ಷೆ ಮಾಡಿದರು. ಒಂದೆರಡು ಬಿಟ್ಟರೆ ಆಯುಧದ ಗಾಯದ ಗುರುತೇ ಇಲ್ಲ.

ದೊಡ್ಡಪ್ಪ: ನೋಡಿದಿರಾ! ಗಾಯ ಇಲ್ಲ. ಅಂದಮೇಲೆ ಸತ್ತಿದ್ದು ವಿಕಿರಣದಿಂದ. ಶಾಂತಾ, ನೀನೇ ನನ್ನ ಪರ ಸಾಕ್ಷಿ ಹೇಳಿದೆ 👍

ರಘು: ಅಲ್ಲ ದೊಡ್ಡಪ್ಪ, ಇಡೀ ಊರು ಒಂದೇ ಕ್ಷಣದಲ್ಲಿ ಸತ್ತಿದ್ದರೆ ಸಾವಿರಗಟ್ಟಲೆ ಎಲುಬು ಸಿಗಬೇಕಿತ್ತು. 37 ಯಾವ ಲೆಕ್ಕ? ಗೋಡೆಗಳು ಕೆಲವು ಕಡೆ ಆಳೆತ್ತರ ಮೀರಿ ಈಗಲೂ ನಿಂತಿವೆ. ಇನ್ನು ಗಾಜಾದ ಕಲ್ಲು. ನಮ್ಮೂರ ಇಟ್ಟಿಗೆ ಗೂಡಲ್ಲಿ ಬೆಂಕಿ ಜಾಸ್ತಿಯಾದ ಕಡೆ ಇಟ್ಟಿಗೆ ಕರಗಿ, ಕಪ್ಪಗೆ ಹೊಳೆಯುತ್ತಾ ಒಂದಕ್ಕೊಂದು ಅಂಟಿಕೊಂಡಿರುತ್ತಲ್ಲ, ಅದೇ. ಅಲ್ಲಿ ಮಡಕೆ, ಬಳೆ ಸುಡುವ ಗೂಡುಗಳಿದ್ದವು. ಅದರ ಕಿಟ್ಟ ಊರ ಮೇಲೆಲ್ಲ ಬಿದ್ದಿದೆ.

ದೀಪಾ: ಅಪ್ಪ, ಈ ಬಾಂಬ್ ಕಥೆ ಹೆಚ್ಚಾಗಿ ಹಬ್ಬಿದ್ದು 1979ರಲ್ಲಿ ಇಟಲಿಯಲ್ಲಿ ಬಂದ ಒಂದು ಪುಸ್ತಕದಿಂದ. ನೀವು ದೆಹಲಿಗೆ ಬಂದಾಗ ನ್ಯಾಷನಲ್ ಮ್ಯೂಸಿಯಂನಲ್ಲಿ ಆ ನರ್ತಕಿ ಬೊಂಬೆ ನೋಡಿದಿರಲ್ಲ, ಬೆರಳುದ್ದದ್ದು, ಕೈ ತುಂಬ ಬಳೆ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತವಳು? ಮೊಹೆಂಜೊದಾರೊದವಳೇ. 1926ರಲ್ಲಿ ಸಿಕ್ಕಿದ್ದು. ಕಲ್ಲೇ ಕರಗುವ ಶಾಖಕ್ಕೆ ಅವಳ ಕಂಚಿನ ಬಳೆ ಕರಗಲಿಲ್ಲವಾ?

ದೊಡ್ಡಪ್ಪ: ಒಳಗೆಲ್ಲೋ ಇದ್ದಳೇನೋ.

ದೀಪಾ: 😂😂

ಸೀನು ಮಾವ: ಅಲ್ಲಿಗೆ ನಮ್ಮ ಕೋಲಾರದ ಚಿನ್ನ ಹೋಗುತ್ತಿತ್ತಂತೆ. ಅದೂ ಸುಳ್ಳಾ?

ಶಾಂತಾ ಚಿಕ್ಕಮ್ಮ: ಸುಳ್ಳು ಅನ್ನಲಾರೆ. ಅಲ್ಲಿ ಅಗೆತ ಮಾಡಿಸಿದ ಜಾನ್ ಮಾರ್ಷಲ್ ಮಾಡಿದ ಊಹೆ ಅದು. ಅಲ್ಲಿನ ಚಿನ್ನದಲ್ಲಿ ಬೆಳ್ಳಿ ಬೆರೆತಿದೆ, ಕೋಲಾರದ್ದೂ ಹಾಗೇ ಅಂತ. ಆದರೆ ಸಿಂಧೂ ನದಿಯ ಮರಳಲ್ಲೂ ಚಿನ್ನ ಸಿಗುತ್ತದೆ. ಊಹೆಯನ್ನು ಊಹೆ ಅಂತ ಹೇಳಿದರೆ ನನ್ನದೇನೂ ತಕರಾರಿಲ್ಲ.

ರಘು: ನನಗೆ ಬೇಜಾರು ಬೇರೆ. ದಿನಾ ಒಳಚರಂಡಿ ಕೆಲಸ ಮಾಡಿಸುವವನು ನಾನು. ಅಲ್ಲಿನ ನಕ್ಷೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಬೀದಿ ಉದ್ದಕ್ಕೂ ಮುಚ್ಚಿದ ಚರಂಡಿ. ಮುಚ್ಚಳ ಎತ್ತಿ ಸ್ವಚ್ಛ ಮಾಡಬಹುದು. ಕಸ, ಹೂಳು ನಿಲ್ಲಲು ಅಲ್ಲಲ್ಲಿ ಗುಂಡಿ. ಇಟ್ಟಿಗೆಯ ದಪ್ಪ, ಅಗಲ, ಉದ್ದ ಎಲ್ಲಿ ನೋಡಿದರೂ 1:2:4 ಅಳತೆ. ಊರಲ್ಲಿ ಸುಮಾರು 700 ಬಾವಿ ಇದ್ದಿರಬಹುದು ಅಂತ ಅಂದಾಜು. ಆ ದೊಡ್ಡ ಕೊಳ 12 ಮೀಟರ್ ಉದ್ದ, 7 ಮೀಟರ್ ಅಗಲ, ಎರಡೂವರೆ ಮೀಟರ್ ಹತ್ತಿರ ಆಳ. ಸೋರಬಾರದು ಅಂತ ಡಾಂಬರಿನಂಥದ್ದನ್ನು ಬಳಿದಿದ್ದಾರೆ. ನಾವು ಹೋದ ವರ್ಷ ಹಾಕಿಸಿದ ಸಂಪು ಈಗಲೇ ಸೋರುತ್ತಿದೆ! ಇಂಥ ಊರಿನ ಬಗ್ಗೆ ಫಾರ್ವರ್ಡ್ ಮಾಡಲು ನಿಮಗೆ ಸಿಕ್ಕಿದ್ದು ಬಾಂಬು.

ದೊಡ್ಡಪ್ಪ: ಕೋಪ ಮಾಡಿಕೊಳ್ಳಬೇಡ. ಬಾಂಬ್ ಹಾಕಿದ್ದರೂ ನಮ್ಮವರೇ ತಾನೇ, ಹೆಮ್ಮೆ ಅಲ್ವಾ?

ಶಾಂತಾ ಚಿಕ್ಕಮ್ಮ: ಸತ್ತವರೂ ನಮ್ಮವರೇ ಅಲ್ವಾ ಭಾವ?

ದೊಡ್ಡಪ್ಪ: ಸರಿ. ಬಾಂಬ್ ಅಲ್ಲ, ಆರ್ಯರೂ ಅಲ್ಲ. ಹಾಗಾದರೆ ಊರು ಖಾಲಿಯಾಗಿದ್ದು ಯಾಕೆ? ನೇರವಾಗಿ ಹೇಳಿ.

ಶಾಂತಾ ಚಿಕ್ಕಮ್ಮ: ನೇರವಾದ ಒಂದು ಉತ್ತರ ಇಲ್ಲ. ಮಳೆ ಕಡಿಮೆಯಾಗುತ್ತಾ ಬಂತು. ನದಿಯ ಪಾತ್ರ, ಪ್ರವಾಹ ಅಂತಲೂ ಹೇಳುತ್ತಾರೆ. ಮೆಸೊಪೊಟೇಮಿಯಾ ಕಡೆಯ ವ್ಯಾಪಾರ ಬಿತ್ತು. ಕ್ರಿ.ಪೂ. 1900ರ ಹೊತ್ತಿಗೆ ಊರು ಸೊರಗಿತ್ತು. ಜನ ಪೂರ್ವಕ್ಕೆ, ಗುಜರಾತಿನ ಕಡೆಗೆ ಹೋಗಿ ಸಣ್ಣ ಸಣ್ಣ ಊರು ಮಾಡಿಕೊಂಡರು. ನೂರಾರು ವರ್ಷದ ಕೆಲಸ ಇದು, ಒಂದು ಕ್ಷಣದ್ದಲ್ಲ.

ರಘು: ಈಗ ಉಳಿದಿದ್ದನ್ನು ಉಪ್ಪು ತಿನ್ನುತ್ತಿದೆ. ಅಂತರ್ಜಲದ ಉಪ್ಪು ಇಟ್ಟಿಗೆಯೊಳಗೆ ಏರಿ ಗಟ್ಟಿಯಾಗಿ, ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಅದಕ್ಕೇ 1960ರ ದಶಕದ ನಂತರ ದೊಡ್ಡ ಅಗೆತ ನಿಂತಿದೆ. 2022ರ ಮಳೆಗೆ ಕೆಲವು ಗೋಡೆಗಳೂ ಹಾಳಾದವು.

ದೊಡ್ಡಪ್ಪ: ಮಳೆ, ಉಪ್ಪು, ವ್ಯಾಪಾರ. ಇದನ್ನು ಕಳಿಸಿದರೆ ಯಾರಪ್ಪ ಓದುತ್ತಾರೆ?

ದೀಪಾ: ಅಪ್ಪ, ಬಾಂಬಿನದ್ದನ್ನು ಅಳಿಸಿ. ಎಲ್ಲರಿಗೂ ಅಳಿಸು ಅಂತ ಒತ್ತಬೇಕು.

ದೊಡ್ಡಪ್ಪ: ಇಲ್ಲಿ ಅಳಿಸುತ್ತೇನೆ. ವಾಕಿಂಗ್ ಗುಂಪಿನಲ್ಲಿ ಇರಲಿ. ಅಲ್ಲಿ ಇತಿಹಾಸದ ಮೇಷ್ಟರಿಲ್ಲ, ಎಂಜಿನಿಯರಿಲ್ಲ, ಬೆಳಗ್ಗೆಯಿಂದ 22 ಜನ ಕೈಮುಗಿದಿದ್ದಾರೆ.