ತಂತಿ ದಾಟುವಾಗ ಪಿಕ್ ಸಿಲುಕುತ್ತದೆ, ಸೋಲೊ ಹಳೆಯ ಜಾಡು ಬಿಡುವುದಿಲ್ಲ: ಅನುಭವಿಗಳು ತಿಳಿಸಿ

ಬೆಣ್ಣೆನಗರಿ ಗಿಟಾರ್ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ದಾವಣಗೆರೆಯ ರಸಮಂಜರಿ ತಂಡಗಳಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶೋತ್ಸವ, ದುಗ್ಗಮ್ಮನ ಜಾತ್ರೆ, ಆರತಕ್ಷತೆ, ಎಲ್ಲಿಗೆ ಕರೆದರೂ ಹೋಗಿ ಹಾಡಿನ ಮೂಲ ತುಣುಕುಗಳನ್ನು ಇದ್ದ ಹಾಗೆಯೇ ನುಡಿಸುವುದು ನನಗೆ ಕಷ್ಟವಲ್ಲ. ಕಾರ್ಡ್, ಸ್ಕೇಲ್, ಸ್ಥಳದಲ್ಲೇ ಶ್ರುತಿ ಬದಲಿಸುವುದು ಇವೆಲ್ಲ ಕೈಗೆ ಒಗ್ಗಿವೆ. ಆದ್ದರಿಂದ ಹೊಸಬರಿಗೆ ಹೇಳುವಂತೆ 'ಮೆಟ್ರೊನೋಮ್ ಇಟ್ಟುಕೊಂಡು ನಿಧಾನವಾಗಿ ಶುರುಮಾಡಿ' ಎಂಬುದಕ್ಕಿಂತ ಮುಂದಿನ ಉತ್ತರವನ್ನು ಬಯಸುತ್ತೇನೆ.

ತೊಂದರೆಗಳು ಎರಡು. ಒಂದೇ ತಂತಿಯ ಮೇಲೆ ಬೀಟಿಗೆ ನಾಲ್ಕು ಸ್ವರದಂತೆ ನಿಮಿಷಕ್ಕೆ 160 ಬೀಟಿನ ವೇಗದಲ್ಲಿ ಆರಾಮವಾಗಿ ನುಡಿಸುತ್ತೇನೆ, ಆದರೆ ತಂತಿಗೆ ಮೂರು ಸ್ವರವಿರುವ ಸ್ಕೇಲ್ ಹಿಡಿದರೆ 120ರಲ್ಲೇ ಪಿಕ್ (ತಂತಿ ಮೀಟುವ ಬಿಲ್ಲೆ) ಸಿಲುಕಿ ಸ್ವರಗಳು ಮುರಿಯುತ್ತವೆ. ಎರಡನೆಯದು, ಎ ಮೈನರ್ ಹಾಡಿನಲ್ಲಿ ಸೋಲೊಗೆ ಜಾಗ ಬಿಟ್ಟುಕೊಟ್ಟರೆ ಬೆರಳುಗಳು ತಾವಾಗಿಯೇ 5ನೇ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಬಳಿಯ ಐದು ಸ್ವರಗಳ ಪೆಂಟಾಟಾನಿಕ್‌ಗೆ ಹೋಗಿ ಕೂರುತ್ತವೆ. ಇ ಸೆವೆನ್ ಕಾರ್ಡ್ ಬಂದಾಗ ಏನು ನುಡಿಸಿದರೂ ಹೊಂದುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಬೇಕೇ?

ಕೋಟೆನಾಡು (ಚಿತ್ರದುರ್ಗ):

ಕೈಯ ವೇಗಕ್ಕೆ ಕೊರತೆಯಿಲ್ಲ ಎಂಬುದಕ್ಕೆ ನೀವು ಕೊಟ್ಟ ಅಂಕಿಗಳೇ ಸಾಕ್ಷಿ. ತಡೆ ಇರುವುದು ತಂತಿ ದಾಟುವ ಕ್ಷಣದಲ್ಲಿ ಮಾತ್ರ. ಪಿಕ್ ಚಲಿಸುವ ದಾರಿ ಸಾಮಾನ್ಯವಾಗಿ ತುಸು ಓರೆಯಾಗಿರುತ್ತದೆ. ಡೌನ್ ಸ್ಟ್ರೋಕ್‌ನಲ್ಲಿ (ಕೆಳಮುಖ ಮೀಟು) ಗಿಟಾರಿನ ಒಡಲ ಕಡೆಗೆ ಇಳಿದು, ಅಪ್ ಸ್ಟ್ರೋಕ್‌ನಲ್ಲಿ (ಮೇಲ್ಮುಖ ಮೀಟು) ತಂತಿಗಳಿಂದ ಹೊರಕ್ಕೆ ಏಳುವ ಓರೆ ನಿಮ್ಮದಾಗಿದ್ದರೆ, ಅಪ್ ಸ್ಟ್ರೋಕ್ ಆದ ಮೇಲೆ ಯಾವ ತಂತಿಗೆ ಬೇಕಾದರೂ ಸಲೀಸಾಗಿ ಹೋಗಬಹುದು. ಡೌನ್ ಸ್ಟ್ರೋಕ್ ಆದ ಮೇಲೆ ಮಾತ್ರ ಪಿಕ್ ಎರಡು ತಂತಿಗಳ ನಡುವೆ ಹೂತಿರುತ್ತದೆ. ಪೆಂಟಾಟಾನಿಕ್‌ನಲ್ಲಿ ತಂತಿಗೆ ಎರಡೇ ಸ್ವರ ಇರುವುದರಿಂದ ಪ್ರತಿ ದಾಟುವಿಕೆಯೂ ಅಪ್ ಸ್ಟ್ರೋಕ್ ಆದ ಮೇಲೆಯೇ ಬರುತ್ತದೆ, ಸಿಲುಕುವ ಪ್ರಶ್ನೆಯೇ ಏಳುವುದಿಲ್ಲ. ಮೂರು ಸ್ವರವಾದಾಗ ಒಮ್ಮೆ ಡೌನ್ ಆದ ಮೇಲೆ, ಒಮ್ಮೆ ಅಪ್ ಆದ ಮೇಲೆ ದಾಟಬೇಕಾಗುತ್ತದೆ. ಓರೆ ಇದಕ್ಕೆ ವಿರುದ್ಧವಾಗಿದ್ದರೆ ಸಿಲುಕುವ ಜಾಗವೂ ತಿರುವುಮುರುವಾಗುತ್ತದೆ.

ನಿಮ್ಮ ಓರೆ ಯಾವುದೆಂದು ತಿಳಿಯಲು ಫೋನನ್ನು ಗಿಟಾರಿನ ಕತ್ತಿನ ಕಡೆ ಇಟ್ಟು, ತಂತಿಗಳ ನೇರಕ್ಕೆ ಬಲಗೈ ಕಾಣುವಂತೆ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. 120ರ ವೇಗದಲ್ಲಿ ಸೆಕೆಂಡಿಗೆ ಎಂಟು ಸ್ವರ ಬರುತ್ತವೆ; ಸೆಕೆಂಡಿಗೆ 30 ಫ್ರೇಮಿನ ಸಾಧಾರಣ ವಿಡಿಯೊದಲ್ಲಿ ಒಂದು ಸ್ವರಕ್ಕೆ ನಾಲ್ಕು ಚಿತ್ರವೂ ಸಿಗುವುದಿಲ್ಲ, 240 ಫ್ರೇಮಿನಲ್ಲಿ ಮೂವತ್ತು ಸಿಗುತ್ತವೆ. ನಿಮ್ಮ ನಿಜವಾದ ವೇಗದಲ್ಲೇ ನುಡಿಸಿ. ನಿಧಾನವಾಗಿ ನುಡಿಸುವಾಗ ಕೈ ಎಂತಹ ದಾರಿಯನ್ನಾದರೂ ಹಿಡಿದು ಪಾರಾಗುತ್ತದೆ. ವೇಗದಲ್ಲಿ ನಿಲ್ಲದ ಆ ದಾರಿಯನ್ನು ತಿಂಗಳುಗಟ್ಟಲೆ ರೂಢಿಸಿಕೊಂಡರೆ ಫಲವಿಲ್ಲ. ಈ ಕಾರಣದಿಂದಲೇ ಅನುಭವಿ ವಾದಕರು ಎರಡು ತಂತಿಗಳ ಚಿಕ್ಕ ತುಣುಕನ್ನು ವೇಗವಾಗಿ ನುಡಿಸಿ, ಆಮೇಲೆ ಅದನ್ನು ಸ್ವಚ್ಛಗೊಳಿಸಿಕೊಳ್ಳುವುದು ಉತ್ತಮವೆಂದು ನಾನು ನಂಬಿದ್ದೇನೆ.

ಓರೆ ಮೊದಲು ಹೇಳಿದ ಬಗೆಯದಾಗಿದ್ದರೆ ಸುಲಭವಾದ ಪರಿಹಾರವಿದೆ. ಮೂರು ಸ್ವರಗಳಲ್ಲಿ ಎರಡನ್ನು ಡೌನ್, ಅಪ್ ಎಂದು ಪಿಕ್‌ನಿಂದ ಮೀಟಿ, ಮೂರನೆಯದನ್ನು ಆರೋಹಣದಲ್ಲಿ ಹ್ಯಾಮರ್ ಆನ್ (ಮೀಟದೆ ಎಡಗೈ ಬೆರಳನ್ನು ತಂತಿಯ ಮೇಲೆ ಬಡಿಯುವುದು), ಅವರೋಹಣದಲ್ಲಿ ಪುಲ್ ಆಫ್ (ಬೆರಳನ್ನು ಎಳೆದು ಬಿಡುವುದು) ಮಾಡಿ. ಮೀಟುಗಳು ಸಮಸಂಖ್ಯೆಗೆ ಬರುತ್ತವೆ. ಆರೋಹಣಕ್ಕೆ ಇನ್ನೊಂದು ದಾರಿ, ಡೌನ್ ಅಪ್ ಡೌನ್ ಆದ ಮೇಲೆ ಅದೇ ಡೌನ್ ಸ್ಟ್ರೋಕನ್ನು ತಡೆಯದೆ ಮುಂದಿನ ತಂತಿಗೆ ಜಾರಿಸುವ ಇಕಾನಮಿ ಪಿಕಿಂಗ್. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಪರಂಪರೆಯ ಜಿಪ್ಸಿ ಜಾಝ್ ವಾದಕರು ಹೊಸ ತಂತಿಯನ್ನು ಸಾಮಾನ್ಯವಾಗಿ ಡೌನ್ ಸ್ಟ್ರೋಕ್‌ನಿಂದಲೇ ಆರಂಭಿಸುತ್ತಾರೆ. ಎಲ್ಲ ಸ್ವರವನ್ನೂ ಪಿಕ್‌ನಿಂದಲೇ ಮೀಟಬೇಕೆಂಬ ಹಟ ಬೇಡ.

ಬಯಲುಸೀಮೆ:

ಮೇಲಿನ ಉತ್ತರಕ್ಕೆ ಒಂದು ಸಣ್ಣ ಸೇರ್ಪಡೆ. 0.73 ಮಿ.ಮೀ.ನಂತಹ ತೆಳುವಾದ ಪಿಕ್ ರಿದಮ್‌ಗೆ ಚೆನ್ನ, ಆದರೆ ವೇಗದ ಲೀಡ್‌ನಲ್ಲಿ ಅದು ಬಾಗಿ ಹಿಂದಿರುಗಲು ಸಮಯ ಹಿಡಿಯುತ್ತದೆ. 1.3 ಮಿ.ಮೀ. ಆಸುಪಾಸಿನ, ತುದಿ ಚೂಪಾದ ಚಿಕ್ಕ ಪಿಕ್ ಹಿಡಿದು, ತಂತಿಗೆ ತುದಿ ಮಾತ್ರ ತಾಗುವಂತೆ ನೋಡಿ. ತೆಂಗಿನ ಚಿಪ್ಪಿನಿಂದ ಮಾಡುವ ಸರೋದಿನ ಜವಾ (ಮೀಟುವ ಬಿಲ್ಲೆ) ಕೂಡ ಬಾಗುವುದಿಲ್ಲ. ಜೊತೆಗೆ ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಗಿಟಾರಿನ ಕತ್ತಿನ ಬಾಗು ಬದಲಾಗಿ ತಂತಿಗಳ ಎತ್ತರ ಏರುಪೇರಾಗುವುದುಂಟು. ತಂತ್ರವನ್ನು ಬದಲಿಸುವ ಮೊದಲು ಟ್ರಸ್ ರಾಡ್ (ಕತ್ತಿನೊಳಗೆ ಬಾಗು ಸರಿಪಡಿಸುವ ಸರಳು) ಒಮ್ಮೆ ಪರೀಕ್ಷಿಸಿ.

ತಂತಿನಾದ (ದಾವಣಗೆರೆ):

ನಾನು ವೀಣೆ ಕಲಿತು ಗಿಟಾರಿಗೆ ಬಂದವನು. ನಿಮ್ಮ ಎರಡನೆಯ ಪ್ರಶ್ನೆಗೆ ಆ ಕಡೆಯಿಂದ ಉತ್ತರಿಸುತ್ತೇನೆ. ಎ ಮೈನರ್ ಪೆಂಟಾಟಾನಿಕ್‌ನಲ್ಲಿರುವುದು ಎ, ಸಿ, ಡಿ, ಇ, ಜಿ. ಸ್ವರಸ್ಥಾನಗಳನ್ನಷ್ಟೇ ನೋಡಿದರೆ ಇದು ಶುದ್ಧ ಧನ್ಯಾಸಿ ರಾಗ. ಇ ಸೆವೆನ್ ಕಾರ್ಡಿನ ಜೀವವಾದ ಜಿ ಶಾರ್ಪ್ ಇದರಲ್ಲಿ ಇಲ್ಲ, ಬದಲಿಗೆ ಅದಕ್ಕೆ ತಗಲಿಕೊಂಡೇ ಜಿ ಇದೆ. ನಿಮ್ಮ ಸ್ವರಗಳು ಹೊಂದದಿರುವುದು ಇಲ್ಲಿಯೇ. ಆ ಒಂದು ಕಾರ್ಡಿನ ಅವಧಿಗೆ ಕೀರವಾಣಿ ರಾಗವನ್ನು ನೆನೆಯಿರಿ. ಎ ಷಡ್ಜವಾದರೆ ಕೀರವಾಣಿಯ ಕಾಕಲಿ ನಿಷಾದವೇ (ಮೇಲಿನ ನಿ) ಜಿ ಶಾರ್ಪ್. ಇದಕ್ಕಾಗಿ 5ನೇ ಫ್ರೆಟ್ಟಿನ ಜಾಗ ಬಿಟ್ಟು ಓಡಬೇಕಾಗಿಲ್ಲ: ನಾಲ್ಕನೇ ತಂತಿಯ 5ನೇ ಫ್ರೆಟ್ಟಿನ ಜಿ ಬದಲು 6ನೇ ಫ್ರೆಟ್ ಒತ್ತಿ, ಕಾರ್ಡ್ ಎ ಮೈನರ್‌ಗೆ ಮರಳುವ ಕ್ಷಣಕ್ಕೆ ಸರಿಯಾಗಿ 7ನೇ ಫ್ರೆಟ್ಟಿನ ಎ ಮೇಲೆ ಬಂದು ನಿಲ್ಲಿ. ಎ ಮೈನರ್, ಡಿ ಮೈನರ್, ಇ ಸೆವೆನ್ ಕಾರ್ಡುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಬೇರೆ ಯಾವ ಅಲಂಕಾರವೂ ಇಲ್ಲದೆ ಈ ನಿಲುಗಡೆಯನ್ನಷ್ಟೇ ಅಭ್ಯಾಸ ಮಾಡಿ.

ಇನ್ನು ಮನೋಧರ್ಮ, ಅಂದರೆ ಸ್ಥಳದಲ್ಲೇ ಕಲ್ಪಿಸಿ ನುಡಿಸುವುದು. ಕಲ್ಪನಾಸ್ವರ ಹಾಡುವವರು ಮೊದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳಿಂದ ಆರಂಭಿಸಿ, ಪ್ರತಿ ಸಲವೂ ಸಾಹಿತ್ಯದ ಎಡುಪಿಗೆ (ಸಾಲು ಆರಂಭವಾಗುವ ತಾಳದ ಜಾಗಕ್ಕೆ) ಬಂದು ಸೇರಿ, ಕ್ರಮೇಣ ಆವರ್ತನಗಳನ್ನು ಹೆಚ್ಚಿಸುತ್ತಾರೆ. ಗಿಟಾರ್ ಸೋಲೊಗೂ ಇದೇ ಕ್ರಮ ಸಲ್ಲುತ್ತದೆ. ಮೊದಲು ಬಾಯಲ್ಲಿ ಹಾಡಿ, ಹಾಡಿದ್ದನ್ನಷ್ಟೇ ನುಡಿಸಿ. ಹಾಡುವಾಗ ಉಸಿರಿಗಾಗಿ ನಿಲ್ಲಲೇಬೇಕಾಗುವುದರಿಂದ ಸಂಗತಿಗಳ (ಸ್ವರಗಳ ಚಿಕ್ಕ ವಾಕ್ಯಗಳ) ನಡುವೆ ಬಿಡುವು ತಾನಾಗಿ ಬರುತ್ತದೆ. 1970ರ ದಶಕದಲ್ಲಿ ಶಕ್ತಿ ತಂಡವನ್ನು ಕಟ್ಟಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಅಷ್ಟು ಪ್ರಬಲವಾದ ಪಿಕಿಂಗ್ ಇದ್ದವರು, ಕರ್ನಾಟಕ ಸಂಗೀತ ವಿದ್ವಾಂಸ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಕೈ ಬಲ್ಲದ್ದನ್ನು ಬಿಟ್ಟು ಕಿವಿ ಬೇಡಿದ್ದನ್ನು ನುಡಿಸಲು ಇಂತಹ ಶಿಕ್ಷಣ ಬೇಕೇ ಬೇಕು.

ಬೆಣ್ಣೆನಗರಿ ಗಿಟಾರ್:

ಎಲ್ಲರಿಗೂ ಧನ್ಯವಾದಗಳು. ವಿಡಿಯೊ ತೆಗೆದು ನೋಡಿದೆ. ಕೋಟೆನಾಡು ಅವರು ಹೇಳಿದಂತೆ ಪಿಕ್ ಹೂಳುವುದು ಡೌನ್ ಸ್ಟ್ರೋಕ್ ಆದ ಮೇಲೆಯೇ. ಹ್ಯಾಮರ್ ಆನ್ ಸೇರಿಸಿದ ಕೂಡಲೇ ಸ್ಕೇಲ್ ಹಗುರಾಗಿ ಹರಿಯಿತು. ಜಿ ಶಾರ್ಪ್ ನಿಲುಗಡೆಯೂ ಚೆನ್ನಾಗಿ ಕೇಳುತ್ತಿದೆ. ಆದರೆ ನನ್ನ ಸಂಗತಿಗಳೆಲ್ಲ ಒಂದನೇ ಬೀಟಿನಲ್ಲಿ ಹುಟ್ಟಿ ನಾಲ್ಕು ನಾಲ್ಕರ ಗುಂಪಿನಲ್ಲೇ ಸಾಗುತ್ತವೆ. ಇದಕ್ಕೆ ಏನು ಮಾಡಬಹುದು?

ತಂತಿನಾದ:

ಎರಡನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಬೇಕೇ ಎಂದು ಕೇಳಿದ್ದಿರಿ. ಈ ಹಂತದಲ್ಲಿ ಅವು ಒಂದೇ. ನಾಲ್ಕರ ಗುಂಪು ನಿಮ್ಮ ಬಲಗೈಯ ಅಭ್ಯಾಸ: ಪ್ರತಿ ಒತ್ತೂ ಡೌನ್ ಸ್ಟ್ರೋಕ್ ಮೇಲೆ ಬೀಳುತ್ತದೆ, ಎಡಗೈ ಅದನ್ನೇ ಹಿಂಬಾಲಿಸುತ್ತದೆ. ಹೀಗೆ ಮಾಡಿ ನೋಡಿ. ಬೀಟಿಗೆ ನಾಲ್ಕು ಸ್ವರದಂತೆ ಒಂದು ಬಾರಿನಲ್ಲಿ (ನಾಲ್ಕು ಬೀಟಿನ ಒಂದು ಸುತ್ತಿನಲ್ಲಿ) ಹದಿನಾರು ಜಾಗಗಳಿವೆ. ಬಾಯಲ್ಲಿ 'ತದಿಗಿಣತೊಂ' ಎಂದು ಮೂರು ಸಲ ಹೇಳಿದರೆ ಹದಿನೈದು ಅಕ್ಷರ; ಹದಿನಾರನೆಯದನ್ನು ಖಾಲಿ ಬಿಟ್ಟು ಮುಂದಿನ ಬಾರಿನ ಮೊದಲ ಬೀಟಿಗೆ ಎ ಸ್ವರಕ್ಕೆ ಇಳಿಯಿರಿ. ಪ್ರತಿ 'ತ' ಅಕ್ಷರಕ್ಕೂ ಒತ್ತು ಕೊಡಿ. ಮೊದಲ 'ತ' ಡೌನ್, ಎರಡನೆಯದು ಅಪ್, ಮೂರನೆಯದು ಮತ್ತೆ ಡೌನ್ ಮೇಲೆ ಬರುತ್ತದೆ. ಖಾಲಿ ಜಾಗದಲ್ಲಿ ಕೈ ತಂತಿ ಮುಟ್ಟದೆ ಮೇಲಕ್ಕೆ ಹೋಗುತ್ತದೆ.

ಮೊದಲು ಒಂದೇ ತಂತಿಯಲ್ಲಿ, ಒಂದೇ ಸ್ವರದಲ್ಲಿ ನುಡಿಸಿ. ಅಪ್ ಸ್ಟ್ರೋಕಿನ ಒತ್ತು ಡೌನ್ ಸ್ಟ್ರೋಕಿನಷ್ಟೇ ಗಟ್ಟಿಯಾಗಿ ಕೇಳಬೇಕು. ಅದು ಒಲಿದ ಮೇಲೆ ಐದು ಅಕ್ಷರಗಳಿಗೆ ಐದು ಸ್ವರ ಹಂಚಿ, ಇ ಸೆವೆನ್ ಬಾರಿನಲ್ಲೇ ಕೂರಿಸಿ. ತಂತಿ ಎಲ್ಲಿ ದಾಟಬೇಕು, ಯಾವ ಸ್ವರವನ್ನು ಹ್ಯಾಮರ್ ಮಾಡಬೇಕು ಎಂಬುದನ್ನು ಆ ಐದರ ಒತ್ತನ್ನು ಕೇಳಿ ನಿರ್ಧರಿಸಿ. ಪಿಕ್‌ನ ಅನುಕೂಲಕ್ಕಾಗಿ ಒತ್ತನ್ನು ಜರುಗಿಸಬೇಡಿ. ಮುಂದಿನ ಕಾರ್ಯಕ್ರಮಕ್ಕೆ ಮೊದಲು ತಬಲಾ ಅಥವಾ ಡ್ರಮ್ಸ್ ನುಡಿಸುವವರೊಂದಿಗೆ ಇದನ್ನು ಒಮ್ಮೆ ಕೂತು ನುಡಿಸಿ, ಅವರು ನೇರವಾಗಿ ನಾಲ್ಕರ ತಾಳವನ್ನೇ ಹಿಡಿದಿರಲಿ.